ಮಂಚಾಲೆಯ ನೆಲ, ಅನಾತೋತಿನ ಹೊಲ

ಆದವಾನಿಯ ಕೋಟೆ ನಿಂತಿರುವುದು ಬೋಳು ಕಗ್ಗಲ್ಲಿನ ಬೆಟ್ಟಗಳ ಮೇಲೆ. ಸುತ್ತ ಎರೆಭೂಮಿ, ಹತ್ತಿಯ ಹೊಲಗಳು. ಉತ್ತರಕ್ಕೆ ತುಂಗಭದ್ರೆ, ಅದರಾಚೆ ರಾಯಚೂರು ಸೀಮೆ. ಹೊಳೆಯ ದಾರಿಗೆ ಕಾವಲು ನಿಂತಂತಿದ್ದ ಈ ಗಿರಿದುರ್ಗ ಕೈಯಲ್ಲಿಲ್ಲದಿದ್ದರೆ ದಖ್ಖನ್ನಿನ ದೊರೆಗಳಿಗೆ ನೆಮ್ಮದಿಯಿರಲಿಲ್ಲ. ವಿಜಯನಗರದ ಅರಸರಿಗೆ ಇದು ಆಪತ್ಕಾಲದ ಆಸರೆ. ರಕ್ಕಸ-ತಂಗಡಿಯ ಕಾಳಗ ಮುಗಿದ ಮೂರೇ ವರ್ಷಕ್ಕೆ, 1568ರಲ್ಲಿ, ವಿಜಾಪುರದ ಅಲಿ ಆದಿಲ್ ಷಾ ಇದನ್ನು ವಶಮಾಡಿಕೊಂಡನು. ಅಲ್ಲಿಂದ ಮುಂದೆ ಬಂದ ಪ್ರತಿಯೊಬ್ಬ ಒಡೆಯನೂ ಈ ನೆಲವನ್ನು ತನ್ನ ಲೆಕ್ಕದ ಕಡತಕ್ಕೆ ಬರೆದುಕೊಂಡನು. ಆದರೆ ಆ ಸೀಮೆಯಲ್ಲೇ, ಹೊಳೆಯ ದಂಡೆಯ ಒಂದು ಚಿಕ್ಕ ಹಳ್ಳಿಯ ಬೆಲೆ ಯಾವ ಕಡತದ ಅಳತೆಗೂ ಸಿಗಲಿಲ್ಲ.

ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಆದವಾನಿಯನ್ನು ಆಳುತ್ತಿದ್ದವನು ಸಿದ್ದಿ ಮಸೂದ್ ಖಾನ್. ಆಫ್ರಿಕಾ ಮೂಲದ ಹಬಶಿ ಸರದಾರ. 1660ರಲ್ಲಿ ಪನ್ಹಾಳದ ಕೋಟೆಯಲ್ಲಿ ಶಿವಾಜಿಯನ್ನು ಮುತ್ತಿದ್ದ ಕರ್ನೂಲಿನ ಸಿದ್ದಿ ಜೌಹರನ ಅಳಿಯ. ಊರಿನ ಜಾಮಿ ಮಸೀದಿ ಇವನ ಕಾಲದ್ದು. ಇದೇ ಕಾಲಕ್ಕೆ ಕುಂಭಕೋಣದ ಮಠದಿಂದ ಹೊರಟ ರಾಘವೇಂದ್ರ ತೀರ್ಥರು ಸಂಚಾರ ಮಾಡುತ್ತ ಆದವಾನಿಗೆ ಬಂದರು. ಗುರು ಸುಧೀಂದ್ರ ತೀರ್ಥರಿಂದ ಅವರು ಪೀಠ ಪಡೆದಿದ್ದು 1621ರಲ್ಲಿ. ನ್ಯಾಯ, ವೇದಾಂತಗಳಲ್ಲಿ ಅನೇಕ ಗ್ರಂಥ ರಚಿಸಿದ್ದ ಯತಿ. ಆದವಾನಿಯ ದಿವಾನ ವೆಂಕಣ್ಣ ಅವರ ಶಿಷ್ಯ. ಒಂದು ಕಾಲಕ್ಕೆ ಅಕ್ಷರ ಬಾರದ ಹುಡುಗನಾಗಿದ್ದು, ಸ್ವಾಮಿಗಳ ಅನುಗ್ರಹದಿಂದ ಓದು ಬಂದು ದಿವಾನಗಿರಿಗೆ ಏರಿದನೆಂದು ಮಠದ ಪರಂಪರೆ ಹೇಳುತ್ತದೆ.

ನವಾಬ ಮಸೂದ್ ಖಾನನಿಗೆ ಸ್ವಾಮಿಗಳನ್ನು ಪರೀಕ್ಷಿಸುವ ಮನಸ್ಸಾಯಿತು. ಮಾಂಸವಿಟ್ಟ ತಟ್ಟೆಗೆ ಬಟ್ಟೆ ಮುಚ್ಚಿಸಿ ಕಾಣಿಕೆಯೆಂದು ಮುಂದಿಟ್ಟನಂತೆ. ಸ್ವಾಮಿಗಳು ತೀರ್ಥ ಪ್ರೋಕ್ಷಿಸಿ ಬಟ್ಟೆ ತೆಗೆಸಿದಾಗ ಅದರಲ್ಲಿ ಹಣ್ಣುಗಳಿದ್ದವು. ನಾಚಿದ ನವಾಬ ಒಳ್ಳೆಯ ಹುಟ್ಟುವಳಿಯ ಗ್ರಾಮವನ್ನು ಜಹಗೀರು ಕೊಡಲು ಮುಂದಾದನು. ಸ್ವಾಮಿಗಳು ಕೇಳಿದ್ದು ಇಂದಿನ ಮಂತ್ರಾಲಯವಾದ ಮಂಚಾಲೆಯನ್ನು: ಗ್ರಾಮದೇವತೆ ಮಂಚಾಲಮ್ಮನ ಗುಡಿ ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲದ ಒಣ ಹಳ್ಳಿಯನ್ನು. ವೆಂಕಣ್ಣನಿಗೆ ಅರ್ಥವಾಗಲಿಲ್ಲ. ಆಗ ಸ್ವಾಮಿಗಳು, ಕೃತಯುಗದಲ್ಲಿ ಪ್ರಹ್ಲಾದರಾಯರು ಯಜ್ಞ ಮಾಡಿದ ಸ್ಥಳವಿದು ಎಂದು ತಿಳಿಸಿ, ನೆಲ ಅಗೆಸಿ ಯಜ್ಞಕುಂಡದ ಕುರುಹು ತೋರಿಸಿದರೆಂಬುದು ಪರಂಪರೆಯ ಮಾತು.

ಇಂಥದೇ ಒಂದು ಜಮೀನಿನ ವ್ಯವಹಾರ ಬೈಬಲಿನ ಯೆರೆಮೀಯನ ಪುಸ್ತಕದಲ್ಲಿದೆ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಊರಲ್ಲಿ ಹಸಿವು, ಹೊರಗೆ ಮುತ್ತಿಗೆಯ ದಿಬ್ಬಗಳು. ಪ್ರವಾದಿ ಯೆರೆಮೀಯ ಅರಮನೆಯ ಕಾವಲಂಗಳದಲ್ಲಿ ಸೆರೆಯಾಳು. ಆ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಹನಮೇಲ ಬಂದು ಅನಾತೋತಿನ ಹೊಲ ಕೊಳ್ಳೆಂದು ಕೇಳುತ್ತಾನೆ. ಆ ಹೊಲವಾಗಲೇ ಶತ್ರುವಿನ ಕಾಲ್ತುಳಿತದಲ್ಲಿತ್ತು. ಪ್ರವಾದಿ ಹದಿನೇಳು ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಸಾಕ್ಷಿ ಹಾಕಿಸಿ, ಮುದ್ರೆಯೊತ್ತಿದ ಕ್ರಯಪತ್ರವನ್ನೂ ಅದರ ನಕಲನ್ನೂ ಬಹುಕಾಲ ಕೆಡದಂತೆ ಮಣ್ಣಿನ ಪಾತ್ರೆಯಲ್ಲಿ ಇಡಿಸಿದನು. ಮುಂದೊಂದು ದಿನ ಈ ನಾಡಿನಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯವಿಕ್ರಯ ನಡೆಯುವುದೆಂಬ ಭರವಸೆಗೆ ಆ ಹೊಲವೇ ಸಾಕ್ಷಿಯಾಯಿತು. ಯೆರೆಮೀಯನ ಕಣ್ಣು ಬರಲಿರುವ ಕಾಲದ ಮೇಲೆ, ಭಕ್ತರು ರಾಯರೆಂದೇ ಕರೆಯುವ ರಾಘವೇಂದ್ರರ ಕಣ್ಣು ಸಂದ ಯುಗದ ಮೇಲೆ. ಆದರೆ ಇಬ್ಬರೂ ಆರಿಸಿದ್ದು ಪೇಟೆಯ ದರಕ್ಕೆ ಬಾರದ ನೆಲವನ್ನು.

ಪ್ರವಾದಿಗಳ ಬಾಯಲ್ಲಿ ದೇಶಗಳು ಬರಿಯ ದೇಶಗಳಾಗಿ ಉಳಿಯುವುದಿಲ್ಲ. ಐಗುಪ್ತ ದಾಸ್ಯವಾಗುತ್ತದೆ, ಎದೋಮ್ ಒಡಹುಟ್ಟಿದವನ ದ್ರೋಹವಾಗುತ್ತದೆ, ಬಾಬೆಲ್ ಮದವೇರಿದ ಪ್ರಭುತ್ವವಾಗುತ್ತದೆ. ಕ್ರಿ.ಪೂ. 539ರಲ್ಲಿ ಬಾಬೆಲ್ ಪರ್ಷಿಯದ ಕೋರೆಷನ ವಶವಾಯಿತು. ಆದರೂ ಶತಮಾನಗಳ ಮೇಲೆ ಬಂದ ಪ್ರಕಟನೆಯ ಗ್ರಂಥ ಏಳು ಬೆಟ್ಟಗಳ ಮಹಾನಗರಿಗೆ ಅದೇ ಹೆಸರಿಟ್ಟಿತು. ಅದು ರೋಮ್ ಎಂಬುದು ಬಹುಮಂದಿ ವಿದ್ವಾಂಸರ ಮತ. ಈ ದೇಶಗಳ ಹೆಸರು ಆದವಾನಿಯ ಜಿಲ್ಲಾಕೇಂದ್ರವಾಗಿದ್ದ ಬಳ್ಳಾರಿಯಲ್ಲೇ ಕನ್ನಡಕ್ಕಿಳಿದವು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ನೆಲೆಸಿದರು. ಅವರು ಕೈಹಾಕಿದ ಕನ್ನಡ ಬೈಬಲಿನ ಕೆಲಸ 1830ರ ದಶಕದ ಆರಂಭಕ್ಕೆ ಪೂರ್ತಿಯಾಯಿತು.

1671ರ ಶ್ರಾವಣ ಬಹುಳ ಬಿದಿಗೆಯಂದು ರಾಯರು ಮಂಚಾಲೆಯಲ್ಲಿ ವೃಂದಾವನಸ್ಥರಾದರು. ವೃಂದಾವನದ ಶಿಲೆ ಬಂದದ್ದು ಮಾಧವರದಿಂದ. ಶ್ರೀರಾಮ ಆ ಕಲ್ಲಿನ ಮೇಲೆ ಕುಳಿತು ದಣಿವಾರಿಸಿಕೊಂಡಿದ್ದನೆಂದು ಪ್ರತೀತಿ. ಅಲ್ಲಿಗೆ ಕೃತಯುಗದ ಯಜ್ಞಭೂಮಿಯ ಮೇಲೆ ತ್ರೇತಾಯುಗದ ಶಿಲೆ ಕೂತಿತು. ತಾವು ಏಳುನೂರು ವರ್ಷ ಇಲ್ಲಿಯೇ ಇದ್ದು ಭಕ್ತರನ್ನು ಕಾಯುವೆವೆಂಬ ಮಾತನ್ನೂ ಪರಂಪರೆ ಅವರದೆಂದೇ ನಂಬುತ್ತದೆ.

ಜಹಗೀರು ಕೊಟ್ಟವನ ಆಳ್ವಿಕೆ ಹೆಚ್ಚು ಕಾಲ ಬಾಳಲಿಲ್ಲ. ವಿಜಾಪುರ 1686ರಲ್ಲಿ ಔರಂಗಜೇಬನಿಗೆ ಶರಣಾಯಿತು. 1688ರಲ್ಲಿ ಮಸೂದ್ ಖಾನನೂ ಮೊಘಲ್ ಸೇನಾಪತಿ ಫಿರೋಜ್ ಜಂಗನಿಗೆ ಕೋಟೆ ಒಪ್ಪಿಸಿದನು. ಮೊಘಲರು ಆದವಾನಿಗೆ ಇಮ್ತಿಯಾಜ್‌ಗಢವೆಂದು ಹೊಸ ಹೆಸರಿಟ್ಟರು. ಊರು ಹಳೆಯ ಹೆಸರನ್ನು ಬಿಡಲಿಲ್ಲ. ಬಳಿಕ ನಿಜಾಮನ ತಮ್ಮ ಬಸಾಲತ್ ಜಂಗ್ ಇಲ್ಲಿ ದರ್ಬಾರು ಮಾಡಿದನು. 1786ರಲ್ಲಿ ಟಿಪ್ಪು ಕೋಟೆ ಹಿಡಿದು ಅದರ ಗೋಡೆಗಳನ್ನು ಕೆಡವಿಸಿದನು. 1800ರಲ್ಲಿ ನಿಜಾಮನಿಂದ ಇಡೀ ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಬಂದಿತು.

ಕಂಪನಿಯ ಪರವಾಗಿ ಬಂದವನು ಥಾಮಸ್ ಮನ್ರೋ. ಪ್ರತಿಯೊಂದು ಹೊಲಕ್ಕೂ ಸರಪಳಿ ಹಿಡಿಸಿ, ಮಣ್ಣಿನ ಗುಣ ನೋಡಿಸಿ, ರೈತನ ಹೆಸರಿಗೆ ಕಂದಾಯ ಗೊತ್ತುಮಾಡಿದ ಅಧಿಕಾರಿ. 1802ರಲ್ಲಿ ಅವನ ಅಳತೆ ಮೊದಲಾಯಿತು. ಅಂಥವನ ಮುಂದೆ ಮಂಚಾಲೆಯ ಇನಾಮಿನ ಪ್ರಶ್ನೆಯೂ ಬಂದಿತಂತೆ. ಅವನು ಬೂಟು, ಟೋಪಿ ತೆಗೆದಿಟ್ಟು ವೃಂದಾವನದ ಮುಂದೆ ನಿಂತನು, ಸುತ್ತಲಿದ್ದವರಿಗೆ ಯಾರೂ ಕಾಣದಿದ್ದರೂ ಯಾರೊಡನೆಯೋ ಇನಾಮಿನ ವಿಚಾರ ಮಾತನಾಡಿದನು, ಇನಾಮು ಉಳಿಯಿತು. ಇದು ಭಕ್ತರ ಬಾಯಲ್ಲಷ್ಟೇ ನಿಂತ ಕಥೆಯಲ್ಲ. 1904ರ ಬಳ್ಳಾರಿ ಜಿಲ್ಲಾ ಗೆಜೆಟಿಯರಿನಲ್ಲಿ ಸರ್ಕಾರವೇ ಇದನ್ನು ಊರಿನ ಐತಿಹ್ಯವೆಂದು ಅಚ್ಚುಹಾಕಿಸಿತು. ನಡೆದದ್ದೇನೇ ಇರಲಿ, ಜನ ಈ ಕಥೆಗೆ ಆರಿಸಿಕೊಂಡದ್ದು ನಾಡನ್ನೆಲ್ಲ ಸರಪಳಿಯಲ್ಲಿ ಅಳೆಸಿದ ಅಧಿಕಾರಿಯನ್ನೇ ಎಂಬುದನ್ನು ಗಮನಿಸಬೇಕು. ತಮ್ಮ ನೆಲದ ಬೆಲೆಯನ್ನು ಲೆಕ್ಕದವನ ಬಾಯಿಂದಲೇ ಒಪ್ಪಿಸಿಕೊಳ್ಳುವ ಹಟ ಅದರಲ್ಲಿದೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಸೇರಿತು; ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಆ ಗಡಿ ಭಾಷೆಯ ಲೆಕ್ಕದ್ದು. ಹುಬ್ಬಳ್ಳಿ, ಬೆಂಗಳೂರಿನಿಂದ ಮಂತ್ರಾಲಯಕ್ಕೆ ಹೊರಟ ಕನ್ನಡಿಗನಿಗೆ ತಾನು ಪರರಾಜ್ಯಕ್ಕೆ ಹೋಗುತ್ತಿದ್ದೇನೆಂಬ ಭಾವನೆ ಇಂದಿಗೂ ಬರುವುದಿಲ್ಲ. ಅವನು ಮೊದಲು ಮಂಚಾಲಮ್ಮನಿಗೆ ಕೈಮುಗಿದು, ಆಮೇಲೆ ರಾಯರ ಸನ್ನಿಧಿಗೆ ನಡೆಯುತ್ತಾನೆ.

ಬಾಬೆಲ್ ಇಂದು ಯಾವ ದೇಶವೆಂದು ನಕ್ಷೆ ಹರಡಿ ಬೆರಳಿಡುವವರೂ, ಪ್ರಹ್ಲಾದನ ಯಜ್ಞಕ್ಕೆ ಇಸವಿ ಕೇಳುವವರೂ ಒಂದೇ ತಪ್ಪು ಮಾಡುತ್ತಾರೆ. ಪ್ರವಾದಿಯಾಗಲಿ ಯತಿಯಾಗಲಿ ನೆಲದ ಚಕ್ಕುಬಂದಿ ಹೇಳಲು ಬಂದವರಲ್ಲ. ಆ ನೆಲದ ಮೇಲೆ ನಿಂತ ಮನುಷ್ಯ ಯಾವುದಕ್ಕೆ ಬಾಧ್ಯನೆಂದು ಹೇಳಿದವರು. ಆದವಾನಿಯ ಒಡೆಯರು ಒಬ್ಬೊಬ್ಬರಾಗಿ ಕೋಟೆ ಬಿಟ್ಟು ಹೋದರೂ ಮಂಚಾಲೆಯ ಹಕ್ಕು ಅಳಿಯದಿದ್ದುದು ಅದನ್ನು ಬಾಧ್ಯತೆಯೆಂದು ಹೊತ್ತು ನಡೆಸಿದ ಜನರಿಂದ.