ಸಂಬಳವಿಲ್ಲದ ಕೈಗಳ ಲೆಕ್ಕ

1808ರ ಇಂಗ್ಲೆಂಡ್. ಪಾನಗೃಹ ನಡೆಸುತ್ತಿದ್ದ ಒಬ್ಬಾತ ಹೆಂಡತಿಯ ಜೊತೆ ಬಾಡಿಗೆ ಸಾರೋಟಿನ ಮೇಲ್ಗಡೆ ಕೂತು ಹೊರಟಿದ್ದ. ದಾರಿಯಲ್ಲಿ ಸಾರೋಟು ಮಗುಚಿತು. ಅವನಿಗೆ ಮೈಕೈಯೆಲ್ಲ ಜಜ್ಜಿದ ಪೆಟ್ಟು. ಹೆಂಡತಿ ಸುಮಾರು ಒಂದು ತಿಂಗಳ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವನ ವ್ಯಾಪಾರಕ್ಕೆ ದೊಡ್ಡ ಆಸರೆಯಾಗಿದ್ದವಳು ಆಕೆ. ಗಂಡ ಸಾರೋಟಿನ ಮಾಲೀಕರ ಮೇಲೆ ದಾವೆ ಹೂಡಿದ.

ನ್ಯಾಯಾಧೀಶ ಲಾರ್ಡ್ ಎಲೆನ್‌ಬರೋ ಜ್ಯೂರಿಗೆ ತಿಳಿಸಿದ್ದು ಇಷ್ಟು: ಗಂಡನ ಗಾಯಕ್ಕೆ ಪರಿಹಾರ ಕೊಡಬಹುದು, ಅಪಘಾತದಿಂದ ಹೆಂಡತಿ ಸಾಯುವವರೆಗಿನ ನಷ್ಟಕ್ಕೂ ಕೊಡಬಹುದು, ಸಾವಿಗೆ ಮಾತ್ರ ಕೊಡುವಂತಿಲ್ಲ. ಮನುಷ್ಯನ ಸಾವು ಸಿವಿಲ್ ನ್ಯಾಯಾಲಯದ ಕಣ್ಣಿಗೆ ನಷ್ಟವಲ್ಲ. ಜ್ಯೂರಿ 100 ಪೌಂಡ್ ಕೊಟ್ಟಿತು. ಆಕೆ ಕಣ್ಣುಮುಚ್ಚಿದ ದಿನಕ್ಕೇ ಆಕೆಯ ಲೆಕ್ಕವೂ ಮುಗಿಯಿತು.

ಈ ನಿಯಮದ ಪ್ರಕಾರ ಒಬ್ಬನನ್ನು ಕುಂಟನನ್ನಾಗಿ ಮಾಡಿದವನಿಗಿಂತ ಕೊಂದವನಿಗೆ ಖರ್ಚು ಕಡಿಮೆ. ರೈಲು ಬಂದು ಒಂದೇ ಅಪಘಾತದಲ್ಲಿ ಹಲವರು ಸಾಯತೊಡಗಿದ ಮೇಲೆ ಈ ಅನ್ಯಾಯ ಎಲ್ಲರಿಗೂ ಕಾಣಿಸಿತು. 1846ರಲ್ಲಿ ಲಾರ್ಡ್ ಕ್ಯಾಂಬೆಲ್ ಹೆಸರಿನಿಂದ ಪ್ರಸಿದ್ಧವಾದ ಕಾಯ್ದೆ ಬಂದು, ಸತ್ತವರ ಕುಟುಂಬಕ್ಕೆ ದಾವೆ ಹೂಡುವ ಹಕ್ಕು ಸಿಕ್ಕಿತು. ಭಾರತದಲ್ಲಿ ಮುಂಬೈ–ಠಾಣೆ ರೈಲು ಓಡಿದ್ದು 1853ರಲ್ಲಿ. ಎರಡೇ ವರ್ಷಕ್ಕೆ, 1855ರಲ್ಲಿ, ಅದೇ ಮಾದರಿಯ ಮಾರಣಾಂತಿಕ ಅಪಘಾತಗಳ ಕಾಯ್ದೆ ಇಲ್ಲಿಗೂ ಬಂತು. ಗಂಡ, ಹೆಂಡತಿ, ತಂದೆ ತಾಯಿ, ಮಕ್ಕಳಿಗೆ ಪರಿಹಾರ ಕೇಳುವ ದಾರಿ ತೆರೆಯಿತು. ಆದರೆ ಕಳೆದುಕೊಂಡದ್ದನ್ನು ಹಣದ ಲೆಕ್ಕದಲ್ಲಿ ತೋರಿಸಬೇಕಿತ್ತು. ಸಂಬಳ ತರುತ್ತಿದ್ದ ಗಂಡಸಿನ ಲೆಕ್ಕ ಸುಲಭ. ಒಲೆ ಹಚ್ಚಿ, ಮಕ್ಕಳನ್ನು ಸಾಕಿ, ಮುದುಕರನ್ನು ನೋಡಿಕೊಳ್ಳುತ್ತಿದ್ದವಳದ್ದು?

ಮೋಟಾರು ಬಂದ ಮೇಲೂ ಈ ಪ್ರಶ್ನೆ ಹಾಗೇ ಉಳಿಯಿತು. 1939ರ ಮೋಟಾರು ವಾಹನ ಕಾಯ್ದೆ ದಾರಿಹೋಕರ ರಕ್ಷಣೆಗಾಗಿ ವಾಹನಕ್ಕೆ ವಿಮೆ ಕಡ್ಡಾಯ ಮಾಡಿತು. 1956ರ ತಿದ್ದುಪಡಿಯಿಂದ ಅಪಘಾತ ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗಳು ಬಂದವು. ಅಂದಿನಿಂದ ಒಂದು ಅಪಘಾತಕ್ಕೆ ಎರಡು ದಾರಿ. ಚಾಲಕನ ಅಪರಾಧವನ್ನು ಕ್ರಿಮಿನಲ್ ನ್ಯಾಯಾಲಯ ವಿಚಾರಿಸುತ್ತದೆ. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದ ಸಾಕ್ಷ್ಯ ಬೇಕು. ಪರಿಹಾರವನ್ನು ನ್ಯಾಯಮಂಡಳಿ ತೀರ್ಮಾನಿಸುತ್ತದೆ. ಇಲ್ಲಿ ಯಾರ ಮಾತು ಹೆಚ್ಚು ನಂಬುವಂತಿದೆ ಎಂಬುದಷ್ಟೇ ಸಾಕು. ಅಲ್ಲಿ ಚಾಲಕ ಖುಲಾಸೆಯಾದ ಮಾತ್ರಕ್ಕೆ ಇಲ್ಲಿ ಅರ್ಜಿ ಬಿದ್ದುಹೋಗುವುದಿಲ್ಲ. ಇದು ಗೊತ್ತಿಲ್ಲದೆ ಕೈಚೆಲ್ಲಿದರೆ ನಷ್ಟ ಕುಟುಂಬಕ್ಕೇ.

1994ರಲ್ಲಿ ಸಂಸತ್ತು ಲೆಕ್ಕವನ್ನು ಸುಲಭ ಮಾಡಲು ಹೊರಟಿತು. ಚಾಲಕನ ತಪ್ಪನ್ನು ಸಾಬೀತು ಮಾಡದೆಯೇ ಪರಿಹಾರ ಕೇಳಲು ಒಂದು ಕೋಷ್ಟಕ ರೂಪಿಸಿತು. ಅದರಲ್ಲಿ ಗಳಿಕೆಯಿಲ್ಲದವರ ಆದಾಯ ವರ್ಷಕ್ಕೆ 15,000 ರೂಪಾಯಿ. ಗಳಿಕೆಯಿಲ್ಲದ ಹೆಂಡತಿಯದ್ದು ಗಂಡನ ಆದಾಯದ ಮೂರನೇ ಒಂದು ಭಾಗ. ಅಂದರೆ ಅಧಿಕಾರಿಯ ಹೆಂಡತಿ ಬೇಯಿಸಿದ ಅನ್ನಕ್ಕೆ ಒಂದು ಬೆಲೆ, ಕೂಲಿಯವನ ಹೆಂಡತಿ ಬೇಯಿಸಿದ ಅನ್ನಕ್ಕೆ ಇನ್ನೊಂದು. ಕೆಲಸ ಒಂದೇ ಆದರೂ ಅಳತೆಗೋಲು ಗಂಡನ ಸಂಬಳ.

ಮುಂದಿನ ತಿರುವು ಬಂದದ್ದು ರಸ್ತೆಯಿಂದಲ್ಲ. 1989ರ ಮಾರ್ಚ್‌ನಲ್ಲಿ ಜಮ್ಶೆಡ್‌ಪುರದ ಸಮಾರಂಭವೊಂದರಲ್ಲಿ ಬೆಂಕಿ ಬಿದ್ದು ಹಲವು ಹೆಂಗಸರು, ಮಕ್ಕಳು ಸತ್ತರು. 2001ರಲ್ಲಿ ಆ ಪ್ರಕರಣ ತೀರ್ಮಾನಿಸಿದ ಸುಪ್ರೀಂ ಕೋರ್ಟ್, ಗೃಹಿಣಿಯರು ಮನೆಗೆ ಸಲ್ಲಿಸುವ ಸೇವೆಯನ್ನು ತಿಂಗಳಿಗೆ 3,000 ರೂಪಾಯಿ ಎಂದು ಲೆಕ್ಕ ಹಾಕಿತು. ವಯಸ್ಸಾದವರಿಗೆ ಅದಕ್ಕಿಂತ ಕಡಿಮೆ. ಮೊತ್ತ ಚಿಕ್ಕದೇ. ಆದರೆ ಬೆಲೆ ಕಟ್ಟಿದ್ದು ಗಂಡನ ಸಂಬಳಕ್ಕಲ್ಲ, ಅವಳ ಕೆಲಸಕ್ಕೆ.

2009ರಲ್ಲಿ ಕರ್ನಾಟಕದವರಾದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಬರೆದ ತೀರ್ಪು, ಒಂದೊಂದು ನ್ಯಾಯಮಂಡಳಿ ಒಂದೊಂದು ರೀತಿ ಲೆಕ್ಕ ಹಾಕುತ್ತಿದ್ದ ಗೊಂದಲಕ್ಕೆ ತೆರೆ ಎಳೆಯಿತು. ವಯಸ್ಸಿಗೆ ತಕ್ಕ ಗುಣಕ, ಅವಲಂಬಿತರ ಸಂಖ್ಯೆಗೆ ತಕ್ಕ ಕಡಿತ ನಿಗದಿಯಾದವು. 2017ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಸ್ವಂತ ದುಡಿಮೆಯವರ ಆದಾಯಕ್ಕೂ ಭವಿಷ್ಯದ ಹೆಚ್ಚಳ ಸೇರಿಸಬೇಕೆಂದಿತು. ನಲವತ್ತರ ಒಳಗಿನವರಿಗೆ ಶೇ. 40.

ಈ ನಡುವೆ 2010ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಗೃಹಿಣಿಯ ಪ್ರಕರಣ ನೋಡುವಾಗ ನ್ಯಾಯಮೂರ್ತಿ ಎ.ಕೆ. ಗಂಗೂಲಿ ಜನಗಣತಿಯತ್ತ ಬೊಟ್ಟು ಮಾಡಿದರು. ಮನೆಗೆಲಸದ ಹೆಂಗಸರನ್ನು ಭಿಕ್ಷುಕರು, ಕೈದಿಗಳ ಜೊತೆ ‘ಉತ್ಪಾದಕರಲ್ಲದವರ’ ಸಾಲಿಗೆ ಸೇರಿಸಲಾಗಿತ್ತು. ಸರ್ಕಾರದ ಪುಸ್ತಕದಲ್ಲೇ ಹೀಗಿದ್ದರೆ ನ್ಯಾಯಮಂಡಳಿ ಬೇರೆ ಏನು ಬರೆದೀತು?

ಉತ್ತರ ಸ್ಪಷ್ಟವಾದದ್ದು 2021ರ ಜನವರಿಯಲ್ಲಿ. 2014ರಲ್ಲಿ ದೆಹಲಿಯಲ್ಲಿ ಮೋಟಾರ್ ಸೈಕಲ್ ಮೇಲೆ ಹೋಗುತ್ತಿದ್ದ ದಂಪತಿಗೆ ಕಾರು ಡಿಕ್ಕಿ ಹೊಡೆದು ಇಬ್ಬರೂ ಸತ್ತಿದ್ದರು. ಹೆಂಡತಿ ಗರ್ಭಿಣಿ. ಉಳಿದದ್ದು ಇಬ್ಬರು ಪುಟ್ಟ ಹೆಣ್ಣುಮಕ್ಕಳು, ವಯಸ್ಸಾದ ಹಿರಿಯರು. ಆದಾಯವೇ ಅಂದಾಜಿನದ್ದಾದರೆ ಅದಕ್ಕೆ ಭವಿಷ್ಯದ ಹೆಚ್ಚಳ ಸೇರಿಸಬಾರದು ಎಂಬ ವಾದವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಇಬ್ಬರ ಸಾವಿಗೆ ಸೇರಿ ಸಿಕ್ಕಿದ್ದ 22 ಲಕ್ಷ ರೂಪಾಯಿಯನ್ನು 33.20 ಲಕ್ಷಕ್ಕೆ ಏರಿಸಿತು. ಮನೆಮಂದಿಗಾಗಿ ಸಂಬಳವಿಲ್ಲದೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಗಂಡಸರು 97 ನಿಮಿಷ ದುಡಿಯುತ್ತಾರೆ ಎಂಬ 2019ರ ಸಮೀಕ್ಷೆಯನ್ನು ನ್ಯಾಯಮೂರ್ತಿ ಎನ್.ವಿ. ರಮಣ ಉಲ್ಲೇಖಿಸಿದರು.

ಈಗಿನ ಲೆಕ್ಕ ಹೇಗೆ ನಡೆಯುತ್ತದೆ? ಮೂವತ್ತೆರಡರ ಗೃಹಿಣಿ, ನಾಲ್ವರು ಅವಲಂಬಿತರು ಎಂದುಕೊಳ್ಳಿ. ಅವಳ ದುಡಿಮೆಗೆ ತಿಂಗಳಿಗೆ 10,000 ರೂಪಾಯಿ ಕಟ್ಟಿದರೆ ವರ್ಷಕ್ಕೆ 1.20 ಲಕ್ಷ. ಶೇ. 40 ಸೇರಿಸಿದರೆ 1.68 ಲಕ್ಷ. ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 1.26 ಲಕ್ಷ. ಆ ವಯಸ್ಸಿನ ಗುಣಕ 16. ಒಟ್ಟು 20.16 ಲಕ್ಷ. ಅಂತ್ಯಕ್ರಿಯೆ ಮುಂತಾದವುಗಳ ಮೊತ್ತ ಇದರ ಮೇಲೆ.

ಊರು ಬಿಟ್ಟು ದೂರ ನೆಲೆಸಿದವರಿಗೆ 1994ರ ತಿದ್ದುಪಡಿ ಇನ್ನೊಂದು ಅನುಕೂಲ ಮಾಡಿಕೊಟ್ಟಿತು: ಅರ್ಜಿದಾರರು ವಾಸಿಸುವ ಊರಿನಲ್ಲೇ ಅರ್ಜಿ ಹಾಕಬಹುದು. ಹುಬ್ಬಳ್ಳಿಯ ರಸ್ತೆಯಲ್ಲಿ ತಾಯಿಯನ್ನು ಕಳೆದುಕೊಂಡ ಮಗ ಪುಣೆಯಲ್ಲಿ ಅರ್ಜಿ ಸಲ್ಲಿಸಬಹುದು. ಅದೇ ತಿದ್ದುಪಡಿ ಕಾಲಮಿತಿಯನ್ನೂ ತೆಗೆದುಹಾಕಿತ್ತು. 2022ರ ಏಪ್ರಿಲ್ 1ರಿಂದ ಆರು ತಿಂಗಳ ಮಿತಿ ಮತ್ತೆ ಜಾರಿಗೆ ಬಂತು. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಟ್ಟಿವೆ. ಏನೇ ಇರಲಿ, ಆರು ತಿಂಗಳೊಳಗೆ ಅರ್ಜಿ ಹಾಕುವುದೇ ಕ್ಷೇಮ. ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ವಯಸ್ಸಿನ ದಾಖಲೆ, ಆಸ್ಪತ್ರೆಯ ಬಿಲ್ಲುಗಳನ್ನು ಮೊದಲೇ ಕೂಡಿಸಿಟ್ಟುಕೊಳ್ಳಬೇಕು.

ಇವುಗಳ ಜೊತೆ ಇನ್ನೊಂದು ಇದೆ. ಅರ್ಜಿಯಲ್ಲಿ ಮೃತರ ಉದ್ಯೋಗವನ್ನು ಬರೆಯುವ ಕಡೆ ‘ಏನೂ ಇಲ್ಲ, ಮನೆಯಲ್ಲೇ ಇದ್ದರು’ ಎಂದು ಬರೆಸುವ ಅಭ್ಯಾಸ ಇನ್ನೂ ಹೋಗಿಲ್ಲ. ‘ಗೃಹಿಣಿ’ ಎಂದು ಬರೆಸಬೇಕು. ಎಷ್ಟು ಜನರಿಗೆ ಅಡುಗೆ ಮಾಡುತ್ತಿದ್ದರು, ಯಾರನ್ನು ನೋಡಿಕೊಳ್ಳುತ್ತಿದ್ದರು, ಹೊಲಿಗೆ, ಹೈನು, ಹೊಲದ ಕೆಲಸ ಏನಿತ್ತು ಎಂಬುದನ್ನೂ ಸಾಕ್ಷಿ ಹೇಳುವಾಗ ಒಂದೊಂದಾಗಿ ಹೇಳಬೇಕು. ಅದನ್ನು ಕೇಳಿಸಿಕೊಳ್ಳಲು ಕಾನೂನಿಗೆ ಇನ್ನೂರು ವರ್ಷ ಹಿಡಿಯಿತು. ಹೇಳಬೇಕಾದವರು ಮನೆಯವರೇ.