ಹ್ಯಾನ್ಸಿ ಕ್ರೋನಿಯೆ ಮತ್ತು ಅಭಿಮಾನಿಗಳು

ದಕ್ಷಿಣ ಆಫ್ರಿಕಾ ಕ್ರಿಕೆಟ್ ತಂಡದ ನಾಯಕ (1969–2002). ಮೈದಾನದಾಚೆಯ ತಪ್ಪಿಗೆ ಅಭಿಮಾನಿಗಳು ಹೇಗೆ ಸ್ಪಂದಿಸುತ್ತಾರೆ ಎಂಬುದಕ್ಕೆ ಇಷ್ಟು ವಿಚಿತ್ರ ಉದಾಹರಣೆ ಸಿಗುವುದು ಕಷ್ಟ.

2000ರ ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ಬುಕ್ಕಿಯೊಬ್ಬನ ಜೊತೆ ಕ್ರೋನಿಯೆ ನಡೆಸಿದ್ದ ಮ್ಯಾಚ್ ಫಿಕ್ಸಿಂಗ್ ಕುರಿತ ಫೋನ್ ಮಾತುಕತೆಯನ್ನು ಬಯಲಿಗಿಟ್ಟಾಗ ತವರಿನ ಅಭಿಮಾನಿಗಳು ನಂಬಲಿಲ್ಲ. ಸಂಶಯ ಹೊರಳಿದ್ದು ಪೊಲೀಸರತ್ತಲೇ. ದೈವಭಕ್ತ, ಶಿಸ್ತಿನ ಸಿಪಾಯಿ ಎಂಬ ಹೆಸರು ಅಷ್ಟು ಗಟ್ಟಿಯಾಗಿತ್ತು. ಕೆಲವೇ ದಿನಗಳಲ್ಲಿ ಕ್ರೋನಿಯೆ ಅವರೇ ಬಾಯಿಬಿಟ್ಟರು. ಹಗರಣದ ತನಿಖೆಗೆ ರಚನೆಯಾದ ಕಿಂಗ್ ಆಯೋಗದ ವಿಚಾರಣೆಯಲ್ಲಿ ಹಣದ ಜೊತೆ ಸೆಂಚೂರಿಯನ್ ಟೆಸ್ಟ್‌ಗಾಗಿ ಸಿಕ್ಕ ತೊಗಲಿನ ಜಾಕೆಟ್ಟಿನ ಕಥೆಯೂ (ಎಂಥ ಬೆಲೆ!) ಹೊರಬಂತು. ಆಜೀವ ನಿಷೇಧ ಬಿತ್ತು.

ಅಭಿಮಾನಿಗಳ ಮುನಿಸು ಮಾತ್ರ ಬಹಳ ದಿನ ಬಾಳಲಿಲ್ಲ.

2002ರ ಜೂನ್ 1ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಬ್ಲೂಮ್‌ಫಾಂಟೇನ್‌ನ ಗ್ರೇ ಕಾಲೇಜಿನಲ್ಲಿ ನಡೆದ ಅಂತ್ಯವಿಧಿಗೆ ಜನ ಕಿಕ್ಕಿರಿದರು. 2004ರ ಟಿವಿ ಮತದಾನದಲ್ಲಿ, ಮಹಾನ್ ದಕ್ಷಿಣ ಆಫ್ರಿಕನ್ನರ ಪಟ್ಟಿಯಲ್ಲಿ ಕ್ರೋನಿಯೆಗೆ 11ನೆಯ ಸ್ಥಾನ ದೊರೆಯಿತು.