ಇಜಿಎಫ್ ಮತ್ತು ಕರುಳಿನ ಹಾರ್ಮೋನು ಕೋಶ: ಆಯ್ಕೆಯೋ, ಕಾಲನಿಯಂತ್ರಣವೋ?

ಸಣ್ಣ ಕರುಳಿನ ಒಳಪದರದ ಮುಖ್ಯ ಕೋಶಗಳೆಲ್ಲ ಒಂದೇ ಬಗೆಯ ಆಕರಕೋಶದಿಂದ ಹುಟ್ಟುತ್ತವೆಂದು ಚೆಂಗ್ ಮತ್ತು ಲೆಬ್ಲಾಂಡ್ 1974ರಲ್ಲಿ ಮಂಡಿಸಿದ ವಾದ ಇಂದು ಸರ್ವಸಮ್ಮತ. 2007ರಲ್ಲಿ ಹಾನ್ಸ್ ಕ್ಲೆವರ್ಸ್ ಅವರ ತಂಡ ಆ ಕೋಶವನ್ನು ಎಲ್‌ಜಿಆರ್5 ಎಂಬ ಗುರುತಿನಿಂದ ಪತ್ತೆಹಚ್ಚಿತು. 2009ರಲ್ಲಿ ಸಾಟೊ ಮತ್ತು ಸಂಗಡಿಗರು ಬೆಳವಣಿಗೆ ಅಂಶವಾದ ಇಜಿಎಫ್, ನಾಗಿನ್, ಆರ್-ಸ್ಪಾಂಡಿನ್‌ಗಳನ್ನು ಒದಗಿಸಿ ಒಂಟಿ ಆಕರಕೋಶದಿಂದ ಆರ್ಗನಾಯ್ಡ್ (ಪ್ರಯೋಗಾಲಯದ ಕಿರು ಕರುಳು) ಬೆಳೆಸಿದರು. ನಾಚ್ ಸಂಕೇತವನ್ನು ತಡೆದರೆ ವಿಭಜಿಸುತ್ತಿರುವ ಕೋಶಗಳು ಲೋಳೆ ಸ್ರವಿಸುವ ಗಾಬ್ಲೆಟ್ ಕೋಶಗಳಾಗುತ್ತವೆಂಬುದು 2005ರಿಂದಲೇ ತಿಳಿದಿದೆ. ಇಷ್ಟರಲ್ಲಿ ತಕರಾರಿಲ್ಲ. ತಕರಾರಿರುವುದು ಇಜಿಎಫ್‌ನ ಪಾತ್ರದ ಬಗ್ಗೆ: ಅದು ಕೋಶದ ವಿಭಜನೆಯನ್ನಷ್ಟೇ ನಡೆಸುತ್ತದೆಯೋ, ಕೋಶ ಮುಂದೆ ಏನಾಗಬೇಕೆಂಬುದನ್ನೂ ನಿರ್ಧರಿಸುತ್ತದೆಯೋ?

ಎರಡನೆಯ ನಿಲುವಿಗೆ ಬಲವಾದ ಆಧಾರ ಬಸಾಕ್ ಮತ್ತು ಸಂಗಡಿಗರ 2017ರ ಪ್ರಯೋಗ. ಇಲಿಯ ಆರ್ಗನಾಯ್ಡ್‌ಗಳಲ್ಲಿ ಇಜಿಎಫ್ ಗ್ರಾಹಕವನ್ನೋ ಅದರ ಕೆಳಗಿನ ಮ್ಯಾಪ್‌ಕೈನೇಸ್ ಹಾದಿಯನ್ನೋ ತಡೆದಾಗ ಆಕರಕೋಶಗಳು ವಿಭಜನೆ ನಿಲ್ಲಿಸಿ ಸುಪ್ತಾವಸ್ಥೆಗೆ ಸರಿದವು. ಅವುಗಳ ಜೀನ್ ಚಟುವಟಿಕೆ ಹಾರ್ಮೋನು ಸ್ರವಿಸುವ ಎಂಟರೊಎಂಡೊಕ್ರೈನ್ ಕೋಶಗಳ ಕಡೆಗೆ ವಾಲಿತು. ಆಕರಕೋಶಗಳನ್ನು ಕಾಯುವ ವಿಂಟ್ ಸಂಕೇತ, ನಾಚ್, ಮ್ಯಾಪ್‌ಕೈನೇಸ್ ಮೂರನ್ನೂ ಒಟ್ಟಿಗೆ ತಡೆದಾಗ ಆ ಕೋಶಗಳೇ ಹೇರಳವಾಗಿ ಹುಟ್ಟಿದವು. ಇದನ್ನು ಯಿನ್ ಮತ್ತು ಸಂಗಡಿಗರ 2014ರ ಫಲಿತಾಂಶದ ಪಕ್ಕದಲ್ಲಿಟ್ಟರೆ ಸಮಸ್ಯೆ ಇನ್ನೂ ತೀಕ್ಷ್ಣವಾಗುತ್ತದೆ. ಅಲ್ಲಿ ವಿಂಟ್ ಮತ್ತು ನಾಚ್‌ಗಳನ್ನಷ್ಟೇ ತಡೆದಾಗ ಮುಖ್ಯವಾಗಿ ಗಾಬ್ಲೆಟ್ ಕೋಶಗಳು ದೊರೆತಿದ್ದವು. ಎರಡು ಪ್ರಯೋಗಗಳ ನಡುವಿನ ಎದ್ದುಕಾಣುವ ವ್ಯತ್ಯಾಸ ಮ್ಯಾಪ್‌ಕೈನೇಸ್ ಒಂದೇ. ಹೀಗಿರುವಾಗ ಇಜಿಎಫ್‌ಗೆ ಕೋಶದ ಬಗೆಯನ್ನು ಆರಿಸುವ ಅಧಿಕಾರವಿಲ್ಲವೆನ್ನುವುದು ಹೇಗೆ?

ಆದರೂ ಈ ಫಲಿತಾಂಶಗಳಿಗೆ ಇನ್ನೊಂದು ಓದು ಸಾಧ್ಯ, ಅದೇ ಹೆಚ್ಚು ಸಮಂಜಸವೆಂದು ನನ್ನ ಎಣಿಕೆ. ಸ್ರವಿಸುವ ಕೋಶವಾಗಬೇಕೆಂಬ ನಿರ್ಧಾರ ನಾಚ್ ಕುಗ್ಗಿದಾಗಲೇ ಆಗುತ್ತದೆ. ಆ ನಿರ್ಧಾರದ ಹೊತ್ತಿಗೆ ಕೋಶ ಇನ್ನೂ ವಿಭಜಿಸುತ್ತಿದೆಯೋ, ಆಗಲೇ ನಿಂತಿದೆಯೋ ಎಂಬುದನ್ನು ಇಜಿಎಫ್ ಗೊತ್ತುಮಾಡುತ್ತದೆ. ಬೇಗ ನಿಂತ ಕೋಶ ಹಾರ್ಮೋನು ಕೋಶದ ಹಾದಿ ಹಿಡಿದರೆ, ಕೆಲವು ಸುತ್ತು ಮುಂದುವರಿದದ್ದು ಗಾಬ್ಲೆಟ್ ಆಗುತ್ತದೆ. ಅಂದರೆ ಬೆಳವಣಿಗೆ ಅಂಶ ನಿಯಂತ್ರಿಸುವುದು ಕಾಲವನ್ನು. ಕೋಶದ ಬಗೆ ಅದರಿಂದ ಪರೋಕ್ಷವಾಗಿ ಒದಗುವ ಫಲ. ಇದನ್ನು ಸಿದ್ಧಾಂತವೆಂದಲ್ಲ, ಊಹೆಯೆಂದೇ ಮುಂದಿಡುತ್ತಿದ್ದೇನೆ. ಆಧಾರಗಳು ಬಹುಪಾಲು ಇಲಿಯವು. ಎರಡು ಪ್ರಯೋಗಗಳ ಪರಿಸ್ಥಿತಿಗಳೂ ಪೂರ್ತಿ ಒಂದೇ ಅಲ್ಲ. ಮ್ಯಾಪ್‌ಕೈನೇಸ್ ಹಾದಿಗೆ ವಿಭಜನೆಯ ಹೊರತಾಗಿಯೂ ಕೆಲಸಗಳಿವೆ.

ನ್ಯೂರೆಗ್ಯುಲಿನ್-1 ಈ ಊಹೆಗೆ ಅಡ್ಡಿಯೆಂದು ತೋರಬಹುದು. ಮನುಷ್ಯ ಭ್ರೂಣದ ಕರುಳನ್ನು ಕೋಶಕೋಶವಾಗಿ ಪರಿಶೀಲಿಸಿದ ಹಾಲೊವೇ ಮತ್ತು ಸಂಗಡಿಗರು 2021ರಲ್ಲಿ ಕಂಡಂತೆ, ಇಜಿಎಫ್ ದೊರೆಯುವುದು ಕರುಳಿನೊಳಗೆ ಬೆರಳಿನಂತೆ ಚಾಚಿದ ವಿಲ್ಲಸ್‌ನ ಪ್ರೌಢ ಕೋಶಗಳಲ್ಲಿ. ಆಕರಕೋಶಗಳ ನೆರೆಯ ಅಂಗಾಂಶದಲ್ಲಿರುವುದು ಅದೇ ಕುಟುಂಬದ ನ್ಯೂರೆಗ್ಯುಲಿನ್. ಆರ್ಗನಾಯ್ಡ್‌ಗಳಲ್ಲಿ ಇಜಿಎಫ್‌ಗಿಂತ ಹೆಚ್ಚಿನ ಕೋಶವೈವಿಧ್ಯವನ್ನು ತಂದದ್ದೂ ಅದೇ. ನ್ಯೂರೆಗ್ಯುಲಿನ್ ದುರ್ಬಲ ಪ್ರಚೋದಕವಾದ್ದರಿಂದ ಕೋಶಗಳು ಬೇಗ ನಿಲ್ಲುತ್ತವೆಂದು ಹೇಳಿ ಪಾರಾಗುವುದು ಸುಲಭ. ಆದರೆ ಅದು ಇಲಿಯಲ್ಲಿ ಮ್ಯಾಪ್‌ಕೈನೇಸನ್ನು ಬಲವಾಗಿ, ದೀರ್ಘಕಾಲ ಚುರುಕಾಗಿಡುತ್ತದೆಂದು ಜಾರ್ಡೆ ಮತ್ತು ಸಂಗಡಿಗರು 2020ರಲ್ಲೇ ತೋರಿಸಿದ್ದರಿಂದ ಆ ದಾರಿ ಮುಚ್ಚಿದೆ. ಹಾಗಾಗಿ ಸಂಕೇತದ ಬಲವೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. ನ್ಯೂರೆಗ್ಯುಲಿನ್ ಬಳಸುವ ಎರ್ಬ್‌ಬಿ3, ಎರ್ಬ್‌ಬಿ4 ಗ್ರಾಹಕಗಳ ಮೂಲಕ ಬರುವ ಸಂಕೇತದ ಸ್ವರೂಪವೇ ಬೇರೆಯಿರಬಹುದು. ಅಷ್ಟಾದರೂ ಗಮನಿಸಬೇಕಾದದ್ದು ಇದು: ಕೋಶದ ಬಗೆಯನ್ನು ಆರಿಸುವ ಸಂಕೇತ ಒಂದು ಬಗೆಯನ್ನು ಹೆಚ್ಚಿಸಿ ಉಳಿದವನ್ನು ತಗ್ಗಿಸಬೇಕು. ವೈವಿಧ್ಯವನ್ನೇ ಹಿಗ್ಗಿಸುವ ಸಂಕೇತವನ್ನು ಆಯ್ಕೆಗಾರನೆನ್ನುವುದು ಕಷ್ಟ.

ಮ್ಯಾಪ್‌ಕೈನೇಸನ್ನು ಮುಟ್ಟದೆ ಕೋಶಚಕ್ರವನ್ನಷ್ಟೇ ನಿಲ್ಲಿಸಿ, ಆಮೇಲೆ ನಾಚ್ ತಡೆಯುವುದು ಈ ಊಹೆಗೆ ತಕ್ಕ ಪರೀಕ್ಷೆ. ಆಗಲೂ ಹಾರ್ಮೋನು ಕೋಶಗಳೇ ಹೆಚ್ಚಿದರೆ ಕಾಲನಿಯಂತ್ರಣದ ವಾದ ಉಳಿಯುತ್ತದೆ. ಗಾಬ್ಲೆಟ್ ಕೋಶಗಳು ಬಂದರೆ ಅದನ್ನು ಕೈಬಿಡಬೇಕು. ಇಲಿಯಲ್ಲಿ ದೊರೆತ ಉತ್ತರ ಮನುಷ್ಯನ ಕರುಳಿಗೆ ಎಷ್ಟರಮಟ್ಟಿಗೆ ಹೊಂದೀತೆಂಬುದು ಬೇರೆಯೇ ಆದ, ಇನ್ನೂ ತೆರೆದಿರುವ ಪ್ರಶ್ನೆ.